ಉಪ್ಪು ಬಿಟ್ಟ ನಲವತ್ತು ದಿನ

ನಮ್ಮ ಅವ್ವ ಉಪ್ಪನ್ನು ಯಾವತ್ತೂ ಚಮಚದಲ್ಲಿ ಅಳೆದವಳಲ್ಲ. ಊರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನೂರಕ್ಕೂ ಹೆಚ್ಚು ಮಕ್ಕಳು. ಸಾರಿನ ಪಾತ್ರೆಗೆ ಮೂರು ಹಿಡಿ, ಅನ್ನದ ಪಾತ್ರೆಗೆ ಒಂದು ಹಿಡಿ, ಅಷ್ಟೇ ಅವಳ ಅಳತೆ. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮವಿದೆ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಸಹಿ ಮೊದಲು ಹಾಕಿ, ಪಾಠ ಮುಗಿಸಿ, ನಿಧಾನಕ್ಕೆ ಊಟಕ್ಕೆ ಬರುತ್ತಿದ್ದರು. ಅವ್ವನ ಕೈ ತಪ್ಪುತ್ತದೆ ಅಂತ ಯಾರಿಗೂ ಅನಿಸಿಯೇ ಇರಲಿಲ್ಲ. ಅವ್ವನಿಗಂತೂ ಅನಿಸಿರಲೇ ಇಲ್ಲ.

ಆ ಕೈಯನ್ನು ನಾನು ಕೆಡಿಸಿದೆ. ಹೇಗೆ ಅಂತ ಹೇಳುತ್ತೇನೆ.

ನಾನು ಅವಳ ಮಗಳು. ನಮ್ಮ ಕೊಡಿಗೇನಹಳ್ಳಿ ಹೋಬಳಿಯದೇ ಇನ್ನೊಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಟೀಚರು. ನನಗೆ ಬೈಪೋಲಾರ್ ಕಾಯಿಲೆ ಇದೆ. ಅದು ಮೊದಲ ಸಲ ಜೋರಾಗಿ ಕಾಣಿಸಿಕೊಂಡಾಗ ಎಂಟು ದಿನ ನಿದ್ದೆ ಮಾಡಲಿಲ್ಲ, ನಿದ್ದೆ ಬೇಕೂ ಅನಿಸಲಿಲ್ಲ. ಯಾರನ್ನೂ ಕೇಳದೆ ಶಾಲೆಯ ಗೋಡೆಗಳ ಮೇಲೆಲ್ಲ ಗ್ರಹ ನಕ್ಷತ್ರ ಬರೆದೆ. ಐದನೇ ತರಗತಿಯ ಮಕ್ಕಳನ್ನು ಸಂಜೆ ಆರೂವರೆಯಾದರೂ ಮನೆಗೆ ಬಿಡದೆ ಪಾಠ ಮಾಡಿದೆ. ಕೊನೆಗೆ ಅಪ್ಪ ಅಮ್ಮಂದಿರು ಬಂದು ಬಾಗಿಲು ಬಡಿದು ಮಕ್ಕಳನ್ನು ಕರೆದುಕೊಂಡು ಹೋದರು. ಅದಾದ ಮೇಲೆ ನಾಲ್ಕು ತಿಂಗಳು ಗೋಡೆ ಕಡೆ ತಿರುಗಿ ಮಲಗಿದೆ. ಕೊರಟಗೆರೆಯಲ್ಲಿದ್ದ ಗಂಡನ ಮನೆಯವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಒಂದು ಬಟ್ಟೆ ಗಂಟಿನ ಜೊತೆ ತಂದು ತವರಿನಲ್ಲಿ ಬಿಟ್ಟರು. ಆ ಕಥೆ ಇಲ್ಲಿ ಬೇಡ, ಬರೆಯಲು ಕೂತರೆ ಬರೀ ಬೈಗುಳವಾಗುತ್ತದೆ.

ಅಣ್ಣ ಶಿರಾದಲ್ಲಿ ಸರ್ಕಾರಿ ಕೆಲಸದಲ್ಲಿದ್ದಾನೆ. ಅವನೇ ನನ್ನನ್ನೂ ಅವ್ವನನ್ನೂ ತುಮಕೂರಿಗೆ ಕರೆದುಕೊಂಡು ಹೋದ. ಡಾಕ್ಟರು ವಯಸ್ಸಾದವರು, ತಾಳ್ಮೆಯವರು. ಲಿಥಿಯಂ ಅಂತ ಮಾತ್ರೆ ಬರೆದರು. ಅವ್ವ ಸುಮ್ಮನಿರದೆ ಕೇಳಿಯೇ ಬಿಟ್ಟಳು.

"ಇದು ಏನು ಮಾತ್ರೆ ಸ್ವಾಮಿ? ತಲೆಗೆ ಮಂಕು ಬರ್ಸೋದಾ?"

"ಏನೂ ಭಯ ಬೇಡಮ್ಮ. ಇದೂ ಒಂಥರಾ ಉಪ್ಪೇ. ಭೂಮಿಯಲ್ಲೇ ಸಿಗುತ್ತೆ."

ಅವ್ವನ ಮುಖ ಅರಳಿತು. ಉಪ್ಪು ಅಂದರೆ ಅವಳಿಗೆ ಗೊತ್ತಿರುವ ವಸ್ತು. "ಉಪ್ಪಾದ್ರೆ ಸರಿ ಬುಡಿ" ಅಂದು, ಚೀಟಿ ಹಿಡಿದು ಆಗಲೇ ಔಷಧಿ ಅಂಗಡಿಗೆ ಹೋಗಿದ್ದ ಅಣ್ಣನನ್ನು ಹುಡುಕಿಕೊಂಡು ಹೊರಗೆ ಹೋದಳು.

ಅವರಿಬ್ಬರೂ ಹೋದ ಮೇಲೆ ಡಾಕ್ಟರು ಇನ್ನೊಂದು ಚೀಟಿ ತೆಗೆದುಕೊಂಡು ಕನ್ನಡದಲ್ಲಿ ಬರೆದರು. ನೀರು ಚೆನ್ನಾಗಿ ಕುಡಿಯಬೇಕು. ಊಟದಲ್ಲಿ ಉಪ್ಪು ಕಡಿಮೆ ಮಾಡಬಾರದು. ವಾಂತಿ ಭೇದಿಯಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕು. "ನೀವು ಟೀಚರು, ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರಿಗೂ ಓದಿ ಹೇಳಿ" ಅಂದರು. ನಾನು ತಲೆಯಾಡಿಸಿ ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಓದಿ ಹೇಳಲಿಲ್ಲ. ಮರೆತೆ ಅಂತ ಬರೆಯಲು ಕೈ ಹೋಗುತ್ತಿದೆ, ಆದರೆ ಅದು ಸುಳ್ಳು. ಆ ದಿನಗಳಲ್ಲಿ ನನಗೆ ಯಾರ ಜೊತೆಗೂ ಮಾತು ಬೇಕಿರಲಿಲ್ಲ. ಮನೆಗೆ ಬಂದು ಚೀಟಿಯನ್ನು ಟ್ರಂಕಿನಲ್ಲಿದ್ದ ಪ್ಲಾಸ್ಟಿಕ್ ಕವರಿಗೆ ಸೇರಿಸಿ ಮಲಗಿಬಿಟ್ಟೆ.

ಮಾತ್ರೆ ಕೆಲಸ ಮಾಡಿತು. ಅದನ್ನು ಒಪ್ಪಿಕೊಳ್ಳಲೇಬೇಕು. ಕೆಲವು ತಿಂಗಳಲ್ಲಿ ಶಾಲೆಗೆ ಹೋಗತೊಡಗಿದೆ, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮನೆಗೆ ಬಿಟ್ಟೆ. ಆದರೆ ಅದು ಬರುವಾಗ ನೆಂಟರನ್ನೂ ಕರೆದುಕೊಂಡು ಬಂದಿತ್ತು. ಬಲಗೈ ಸಣ್ಣಗೆ ನಡುಗುತ್ತಿತ್ತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಬಾಯಾರಿಕೆಯಂತೂ ಹೇಳತೀರದು, ಒಂದು ಪಿರಿಯಡ್ಡಿಗೆ ಒಂದು ಬಾಟಲಿ ನೀರು ಖಾಲಿ. ಅಷ್ಟು ಕುಡಿದರೆ ಮತ್ತೇನಾಗಬೇಕು? ಶಾಲೆಗೆ ಹೋಗುವ ಹಿಂದೂಪುರದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂರುವುದೇ ನನಗೆ ದೊಡ್ಡ ಪರೀಕ್ಷೆ. ಮೈ ಊದಿತು. ರವಿಕೆಗಳ ಹೊಲಿಗೆ ಬಿಚ್ಚಿದ್ದಾಯಿತು, ಬಳೆ ಏರದಾಯಿತು. ಸ್ಟಾಫ್ ರೂಮಿನಲ್ಲಿ ಒಬ್ಬರು "ತವರೂಟ ಚೆನ್ನಾಗಿ ಹತ್ತಿದೆ" ಅಂದರು. ಅವರ ಟೀ ಲೋಟಕ್ಕೆ ಸೀಮೆಸುಣ್ಣದ ಪುಡಿ ಹಾಕಬೇಕು ಅಂತ ತುಂಬಾ ದಿನ ಅಂದುಕೊಂಡಿದ್ದೆ.

ಅವ್ವ ಇದನ್ನೆಲ್ಲ ನೋಡಿ ಸೊಂಟ ಕಟ್ಟಿ ನಿಂತಳು. "ನಿನ್ ಡಾಕ್ಟ್ರು ಒಂದು ರೋಗ ತೆಗ್ದು ನಾಕು ಕೊಟ್ಟವ್ರೆ. ಒಂದೊಂದಾಗಿ ಕಳುಸ್ತೀನಿ ಬುಡು" ಅಂದಳು. ಬಾಯಾರಿಕೆಗೆ ಸೊಗದೆ ಬೇರು ನೆನೆಸಿದ ನೀರು. ಕಬ್ಬಿಣದ ರುಚಿಗೆ ಒಣಗಿಸಿದ ನೆಲ್ಲಿಕಾಯಿ ಚೂರು. ನಡುಕಕ್ಕೆ ಹರಳೆಣ್ಣೆ ಬಿಸಿ ಮಾಡಿ ಮೊಣಕೈಯಿಂದ ಬೆರಳ ತುದಿಯವರೆಗೆ ತಿಕ್ಕುವುದು. ಭಾನುವಾರ ಬಂದರೆ ನನ್ನನ್ನು ಹಿತ್ತಿಲ ಚಪ್ಪಡಿ ಕಲ್ಲಿನ ಮೇಲೆ ಕೂರಿಸಿ ತಿಕ್ಕುತ್ತಿದ್ದಳು. ನಾನು ಗೊಣಗುತ್ತಿದ್ದೆ, ಆದರೆ ಏಳುತ್ತಿರಲಿಲ್ಲ. ನಾಲ್ಕು ತಿಂಗಳು ಗೋಡೆ ನೋಡಿಕೊಂಡು ಮಲಗಿದ್ದ ಮಗಳಿಗೆ ಏನೂ ಮಾಡಲಾಗದೆ ಬಾಗಿಲಲ್ಲಿ ನಿಲ್ಲುತ್ತಿದ್ದವಳು ಅವಳು. ಈಗ ಅವಳ ಕೈಗೆ ಕೆಲಸ ಸಿಕ್ಕಿತ್ತು. ನಡುಕ ಹೋಗಲಿಲ್ಲ. ಎಣ್ಣೆ ತಿಕ್ಕುವಷ್ಟು ಹೊತ್ತು ಅವಳ ಕೈಯೊಳಗೆ ನನ್ನ ಕೈ ಸುಮ್ಮನಿರುತ್ತಿತ್ತು, ಅಷ್ಟೇ. ಡಾಕ್ಟರಿಗೆ ಎಣ್ಣೆಯ ವಿಷಯ ಹೇಳಿದಾಗ "ತಿಕ್ಕಲಿ ಬಿಡಿ, ಒಳ್ಳೆಯದೇ" ಅಂತ ನಕ್ಕರು.

ಊತ ಮಾತ್ರ ಅವ್ವನಿಗೆ ಬಗ್ಗಲಿಲ್ಲ. ಕೊಡಿಗೇನಹಳ್ಳಿ ಸಂತೆಗೆ ಪಾವಗಡದ ಕಡೆಯಿಂದ ನಾರು ಬೇರು ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ಒಂದು ದಿನ ಅವ್ವ ನನ್ನನ್ನು ಅವಳ ಗೋಣಿತಾಟಿನ ಮುಂದೆ ಕೂರಿಸಿದಳು. ಅವಳು ನನ್ನ ಕಾಲಿನ ಗಿಣ್ಣಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿತ್ತು.

"ವಾಪು, ಊತ ಐತೆ ಕದಮ್ಮಾ. ಉಪ್ಪು ನಿಲ್ಸು, ಅಂಗೇ ಇಳಿದೋತದೆ. ಈ ನೆಗ್ಗಿಲು ಮುಳ್ಳು ಕಷಾಯ ಕುಡ್ಸು, ನೀರೆಲ್ಲ ಈಚೆಗೆ ವಚ್ಚೇಸ್ತುಂದಿ, ಬಂದ್ಬುಡ್ತದೆ" ಅಂತ ತೆಲುಗು ಬೆರೆಸಿ ಅಂದಳು.

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಬುದ್ಧಿಗಿಷ್ಟು! ಡಾಕ್ಟ್ರೇ ಅಂದಿದ್ರಲ್ಲವ್ವ, ಮಾತ್ರೇನೂ ಉಪ್ಪೇ ಅಂತ. ದಿನಾ ಅಷ್ಟು ಉಪ್ಪು ಒಳೀಕೆ ಹೋಯ್ತಾ ಐತೆ, ಅದ್ರ ಮ್ಯಾಲೆ ನಾನೂ ಸಾರ್ಗೆ ಉಪ್ಪು ಸುರೀತಾ ಇದೀನಿ. ಬಾಯಾರ್ದೆ ಇನ್ನೇನಾದದು? ಊದ್ಕಳ್ದೆ ಇನ್ನೇನಾದದು?"

ಈ ಲೆಕ್ಕದಲ್ಲಿ ತಪ್ಪು ಹುಡುಕಿ ನೋಡೋಣ. ಸಾರಿಗೆ ಉಪ್ಪು ಹೆಚ್ಚಾದ ದಿನ ಯಾರಾದರೂ ಸಂಜೆಯವರೆಗೆ ನೀರು ಕುಡಿಯುತ್ತಲೇ ಇರುತ್ತಾರೆ. ಹತ್ತು ವರ್ಷ ನೂರು ಮಕ್ಕಳಿಗೆ ಉಪ್ಪು ಹಾಕಿದವಳಿಗೆ ಇದಕ್ಕಿಂತ ಸ್ಪಷ್ಟವಾದ ವಿಷಯ ಇನ್ನೊಂದಿಲ್ಲ. ಮಾತ್ರೆಯ ಉಪ್ಪು ಊಟದ ಉಪ್ಪಿಗೆ ಬದಲಿಯಲ್ಲ, ಊಟದ ಉಪ್ಪು ಕಡಿಮೆಯಾದರೆ ಮೈ ಆ ಮಾತ್ರೆಯನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡು ವಿಷ ಮಾಡಿಕೊಳ್ಳುತ್ತದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರಬೇಕಾದವಳು ನಾನು, ಅವಳ ಪಕ್ಕದಲ್ಲೇ ಕೂತಿದ್ದೆ. ಟ್ರಂಕಿನಲ್ಲಿದ್ದ ಚೀಟಿ ಆ ಕ್ಷಣ ನನ್ನ ನೆನಪಿಗೆ ಬಂತು. ಅದರ ಎರಡನೇ ಸಾಲು, ಡಾಕ್ಟರ ದುಂಡು ಅಕ್ಷರ, ಎಲ್ಲ ನೆನಪಿಗೆ ಬಂತು. ನಾನು ಬಾಯಿ ಬಿಡಲಿಲ್ಲ. ಎದ್ದು ಸೀರೆಯ ಧೂಳು ಕೊಡವಿಕೊಂಡೆ.

ನಾಟಿ ಔಷಧಿಗೆ ಪಥ್ಯ ಅಂದರೆ ನಮ್ಮಲ್ಲಿ ಒಂದು ಮಂಡಲ, ನಲವತ್ತೆಂಟು ದಿನ. ಮಾರನೆಯ ದಿನದಿಂದ ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಮುದ್ದೆ, ಉಪ್ಪಿಲ್ಲದ ಮಜ್ಜಿಗೆ. ಬೆಳಿಗ್ಗೆ ಸಂಜೆ ನೆಗ್ಗಿಲು ಮುಳ್ಳಿನ ಕಷಾಯ. ಉಪ್ಪಿಲ್ಲದ ಹುರುಳಿ ಸಾರು ತಿಂದವರಿಗೆ ಮಾತ್ರ ಗೊತ್ತು ಅದೆಂಥ ಶಿಕ್ಷೆ ಅಂತ. ಅವ್ವನೂ ನನ್ನ ಜೊತೆಗೆ ಅದನ್ನೇ ತಿಂದಳು. "ನೀನೊಬ್ಳೇ ಸಪ್ಪೆ ತಿಂತಿದ್ರೆ ನಂಗೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವ" ಅಂದಳು. ಶಾಲೆಗೆ ಹೋಗಿ ಪರರ ಮಕ್ಕಳ ಸಾರಿಗೆ ಮೂರು ಹಿಡಿ ಉಪ್ಪು ಹಾಕಿ, ಮನೆಗೆ ಬಂದು ಸಪ್ಪೆ ತಿನ್ನುತ್ತಿದ್ದಳು.

ನಾನು ಯಾಕೆ ಹೇಳಲಿಲ್ಲ? ಇದನ್ನು ನನಗೆ ನಾನೇ ಕೇಳಿಕೊಂಡಷ್ಟು ಬೇರೆ ಯಾವ ಪ್ರಶ್ನೆಯನ್ನೂ ಕೇಳಿಕೊಂಡಿಲ್ಲ. ಮೊದಲ ವಾರದಲ್ಲೇ ಊತ ಇಳಿಯಿತು ಅನ್ನುವುದು ಒಂದು. ಅವ್ವ ಪೆಟ್ಟಿಗೆಯಿಂದ ಬಳೆ ತಂದು ಸೋಪು ಹಚ್ಚದೆಯೇ ನನ್ನ ಕೈಗೆ ಏರಿಸಿ, ಮಗು ನಡೆದದ್ದನ್ನು ನೋಡಿದವಳ ಹಾಗೆ ಚಪ್ಪಾಳೆ ತಟ್ಟಿದಳು. ಕನ್ನಡಿಯಲ್ಲಿ ನನ್ನ ಹಳೆಯ ಮುಖ ಸ್ವಲ್ಪ ಕಂಡಿತು, ಅದು ಇನ್ನೊಂದು. ಇವೆರಡನ್ನೂ ನಾನು ಬೇಕಾದಷ್ಟು ಸಲ ಹೇಳಿಕೊಂಡಿದ್ದೇನೆ. ಇವುಗಳ ಹಿಂದೆ ಮೂರನೆಯದೊಂದಿದೆ, ಅದರ ಹತ್ತಿರ ಹೋಗಲು ನನಗೆ ಧೈರ್ಯವಿರಲಿಲ್ಲ. ರಕ್ತ ಪರೀಕ್ಷೆಗೆ ತುಮಕೂರಿಗೆ ಹೋಗಬೇಕಾದ ದಿನ ಬಂತು. ಶಾಲೆಯಲ್ಲಿ ಪರೀಕ್ಷೆ ಇದೆ ಅಂತ ಅಣ್ಣನಿಗೆ ಫೋನು ಮಾಡಿ ಮುಂದೆ ಹಾಕಿದೆ. ಶಾಲೆಯಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ.

ಮೂವತ್ತು ದಿನ ದಾಟಿದ ಮೇಲೆ ಕೈ ನಡುಕ ಜೋರಾಯಿತು. ಲೋಟ ಹಿಡಿದರೆ ನೀರು ಎದೆ ಮೇಲೆ. ಅವ್ವ ನಿಶ್ಶಕ್ತಿ ಅಂತ ರಾಗಿ ಗಂಜಿ ಕೊಟ್ಟಳು, ಅದೂ ಸಪ್ಪೆ. ಆಮೇಲೆ ವಾಂತಿ, ಭೇದಿ. ಅವ್ವನಿಗೆ ಗಾಬರಿಯ ಜೊತೆ ಸಮಾಧಾನವೂ ಆಯಿತು. "ಒಳ್ಗಿರೋ ಉಪ್ಪೆಲ್ಲ ಕಿತ್ಕಂಡು ಬತ್ತಾ ಐತೆ, ಇನ್ನು ಹನ್ನೆರಡು ದಿನ ತಡ್ಕೊ ನನ್ನವ್ವ" ಅಂತ ಬೆನ್ನು ನೀವಿದಳು. ಚೀಟಿಯ ಮೂರನೆಯ ಸಾಲೂ ನನಗೆ ನೆನಪಿತ್ತು. ಆಗಲೂ ಹೇಳಲಿಲ್ಲ. ಮಾತ್ರೆಯನ್ನೂ ಬಿಡಲಿಲ್ಲ.

ನಲವತ್ತನೆಯ ದಿನ ಶಾಲೆಗೆ ಹೋದೆ. ಬೋರ್ಡಿನ ಮೇಲೆ ತಾರೀಖು ಬರೆಯಲು ಹೋದರೆ ಸೀಮೆಸುಣ್ಣ ಕುಣಿಯಿತು. ಏನೋ ಹೇಳಿದೆ, ಕುಡಿದವರ ಮಾತಿನ ಹಾಗೆ ನಾಲಿಗೆ ಹೊರಳಿತು. ಟೀಚರು ಆಟ ಆಡುತ್ತಿದ್ದಾರೆ ಅಂದುಕೊಂಡು ಮಕ್ಕಳು ಜೋರಾಗಿ ನಕ್ಕರು. ಅವರ ನಗು ಕೇಳುತ್ತಿರುವಾಗಲೇ ಬಿದ್ದೆ. ಶಿರಾದಿಂದ ಅಣ್ಣ ಕಾರು ತಂದದ್ದು, ದಾರಿಯುದ್ದಕ್ಕೂ ಅವ್ವನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋದದ್ದು ಎಲ್ಲ ಆಮೇಲೆ ಕೇಳಿ ತಿಳಿದದ್ದು.

ಎಚ್ಚರವಾದಾಗ ತುಮಕೂರಿನ ಆಸ್ಪತ್ರೆಯಲ್ಲಿದ್ದೆ. ತೋಳಿಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದ್ದರು. ಅವ್ವ ನರ್ಸಮ್ಮನನ್ನು ಕೇಳುತ್ತಿದ್ದಳು.

"ಗ್ಲೂಕೋಸಾ ತಾಯಿ?"

"ಅಲ್ಲಮ್ಮ, ಉಪ್ಪುನೀರು."

ಅವ್ವ ಬಾಟಲಿಯನ್ನೇ ನೋಡುತ್ತಾ ನಿಂತಳು. ಡಾಕ್ಟರು ಬಂದು ಮನೆಯಲ್ಲಿ ಏನೇನು ಕೊಟ್ಟಿರಿ ಅಂತ ಕೇಳಿದಾಗ ಒಂದನ್ನೂ ಮುಚ್ಚಿಡದೆ ಹೇಳಿದಳು. ಸೊಗದೆ ಬೇರು, ಹರಳೆಣ್ಣೆ, ಕಷಾಯ, ಸಪ್ಪೆ ಪಥ್ಯ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಉಪ್ಪು ಕಡಿಮೆ ಮಾಡಬಾರದು ಅಂತ ಮೊದಲ ದಿನವೇ ಹೇಳಿದ್ದೆನಲ್ಲಮ್ಮ. ಬರೆದೂ ಕೊಟ್ಟಿದ್ದೆ."

ಅವ್ವ ಅವರನ್ನು ನೋಡಿದಳು, ಅಣ್ಣನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಹೇಳಿದ್ರಾ ಸ್ವಾಮಿ?" ಅಂದಳು. ತಾನೇ ಸೋತವಳ ಹಾಗೆ, "ಹೇಳಿರ್ತೀರಿ. ನಂಗೇ ಗ್ಯಾನ ಇಲ್ಲ" ಅಂದಳು.

ಅಣ್ಣ ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ಕೊಂದಾಕ್ಬುಡ್ತಿದ್ದೆ ಕಣವ್ವ ಅವ್ಳನ್ನ! ಅಷ್ಟು ದೊಡ್ಡ ಡಾಕ್ಟ್ರು ಹೇಳಿದ್ನ ಮರೆಯೋದು ಅಂದ್ರೇನು? ಅರಳುಮರಳಾ ನಿಂಗೆ?" ಅಂತ ಅವನು ಕೂಗುತ್ತಿದ್ದ.

ಮೊದಲ ಮೂರು ದಿನ ನನ್ನ ನಾಲಿಗೆ ನಿಜವಾಗಿಯೂ ತಿರುಗುತ್ತಿರಲಿಲ್ಲ. ನಾಲ್ಕನೆಯ ದಿನ ನೀರು ಕೇಳಿದೆ. ಐದನೆಯ ದಿನ ನನ್ನ ಫೋನೆಲ್ಲಿ ಅಂತ ಕೇಳಿದೆ. ಅಂದರೆ ಮಾತು ಬರುತ್ತಿತ್ತು. ಚೀಟಿಯ ವಿಷಯ ಹೇಳಿದರೆ ಅಣ್ಣ ನನ್ನನ್ನು ಶಿರಾಗೆ ಎಳೆದುಕೊಂಡು ಹೋಗುತ್ತಾನೆ, ಕೆಲಸ ಬಿಡಿಸುತ್ತಾನೆ, ಇವಳನ್ನು ನಂಬಬಾರದು ಅಂತ ಎಲ್ಲರ ಮುಂದೆ ಹೇಳುತ್ತಾನೆ ಅಂತ ಹೆದರಿದೆ. ಇನ್ನೊಂದು ದಿನ ಹೇಳೋಣ ಅಂದುಕೊಂಡೆ.

ಆ ವಾರ್ಡಿನಲ್ಲಿ ಮಾತ್ರೆ ಕೊಟ್ಟ ಮೇಲೆ ನರ್ಸಮ್ಮ ರೋಗಿಗಳ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ಕೆಲವರು ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಾರಂತೆ. ನನಗೂ ಹಾಗೆ ಹೇಳಿದಾಗ, ಅಷ್ಟು ದಿನ ತಲೆಯೆತ್ತದೆ ಕೂತಿದ್ದ ಅವ್ವ ಎದ್ದು ನಿಂತಳು. "ನನ್ ಮಗ್ಳೇನು ಕಳ್ಳೀನಾ? ಮಕ್ಳಿಗೆ ಪಾಠ ಹೇಳೋಳು ಅವ್ಳು. ನುಂಗಿದೀನಿ ಅಂದ್ರೆ ನುಂಗಿರ್ತಾಳೆ!" ಅಂತ ವಾರ್ಡೆಲ್ಲ ಕೇಳುವ ಹಾಗೆ ಜಗಳಕ್ಕೆ ಬಿದ್ದಳು. ನರ್ಸಮ್ಮ ನಕ್ಕು ಮುಂದಿನ ಮಂಚಕ್ಕೆ ಹೋದರು. ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

ಮನೆಗೆ ಬಂದೆವು. ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದರು. ಬಲಗೈ ನಡುಕ ಮಾತ್ರ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲವಂತೆ. ಬೋರ್ಡಿನ ಮೇಲೆ ನನ್ನ ಪರವಾಗಿ ಮಕ್ಕಳೇ ಬರೆಯುತ್ತಾರೆ. ಅದಕ್ಕೆ ಹೊಂದಿಕೊಂಡಿದ್ದೇನೆ. ಹೊಂದಿಕೊಳ್ಳಲಾಗದ್ದು ಅವ್ವನಿಗೆ ಆದದ್ದು.

ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಲು ಶುರುಮಾಡಿದಳು. ಹಾಲಿನವನಿಗೆ ಹೇಳಬೇಕಾದದ್ದಕ್ಕೆ ಒಂದು ಗಂಟು, ಒಲೆ ಆರಿಸಿದ್ದಕ್ಕೆ ಒಂದು ಗಂಟು. ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವಳು ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಕೊನೆಗೆ ಬೀಗದ ಕೈ ಗೊಂಚಲನ್ನೇ ಸೊಂಟದಿಂದ ಬಿಚ್ಚಿ ನನ್ನ ಮುಂದಿಟ್ಟಳು. "ನಿನ್ತಾವ ಇರ್ಲಿ, ನಂಗೆ ತಲೆ ನಿಲ್ಲಾಕಿಲ್ಲ." ಮನೆಯಲ್ಲಿ ಅಡುಗೆ ಮಾಡಿದರೂ ಉಪ್ಪಿನ ಡಬ್ಬಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟು "ನೀನೇ ಹಾಕ್ಕೊ" ಅನ್ನುತ್ತಿದ್ದಳು. ನಡುಗುವ ಕೈಯಲ್ಲಿ ಹಾಕಿಕೊಂಡರೆ ಅರ್ಧ ಉಪ್ಪು ನೆಲದ ಪಾಲು. ಅವಳು ಒರೆಸುತ್ತಿದ್ದಳು.

ಶಾಲೆಯಲ್ಲಿ ಮೂರು ಹಿಡಿ ಹಾಕಿದ ಮೇಲೆ ಹಾಕಿದೆನೋ ಇಲ್ಲವೋ ಅಂತ ಅನುಮಾನ. ಸೌಟು ಹಿಡಿದುಕೊಂಡು ಮೇಷ್ಟ್ರುಗಳ ಹಿಂದೆ ತಿರುಗುತ್ತಿದ್ದಳಂತೆ, ರುಚಿ ನೋಡಿ ಸ್ವಾಮಿ, ರುಚಿ ನೋಡಿ ಅಂತ. ಒಂದು ದಿನ ಅವರೆಲ್ಲ ಮೀಟಿಂಗಿನಲ್ಲಿದ್ದರು. ಅವ್ವ ಅನುಮಾನದಲ್ಲೇ ಎರಡನೇ ಸಲ ಮೂರು ಹಿಡಿ ಹಾಕಿದಳು. ಮಕ್ಕಳು ಬಾಯಿಗಿಟ್ಟು ಉಗುಳಿದರು. ನೂರು ತಟ್ಟೆಯ ಸಾರನ್ನು ಚರಂಡಿಗೆ ಸುರಿದು ಬಂದು, ಅವತ್ತೇ ಕೆಲಸ ಬಿಟ್ಟಳು. ನಾನು ಸಂಜೆ ಬಂದಾಗ ಜಗುಲಿಯ ಮೇಲೆ ಕೈ ನೋಡಿಕೊಂಡು ಕೂತಿದ್ದಳು.

ತನ್ನ ತಲೆಯನ್ನು ತಾನೇ ನಂಬಲಾಗದಿದ್ದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಖುಷಿಯಾದರೆ ಇದು ಖುಷಿಯೋ ಕಾಯಿಲೆಯೋ ಅಂತ ನೋಡಿಕೊಳ್ಳಬೇಕು, ಬೇಜಾರಾದರೂ ಹಾಗೆಯೇ. ಒಂದು ಒಳ್ಳೆಯ ಯೋಚನೆ ಬಂದರೆ ಹೆದರಬೇಕು. ಅಂಥ ಬದುಕನ್ನು ನಾನು ಶತ್ರುವಿಗೂ ಬಯಸುವುದಿಲ್ಲ. ನೆಟ್ಟಗಿದ್ದ ನನ್ನ ಅವ್ವನಿಗೆ ಅದನ್ನು ನಾನೇ ಕೊಟ್ಟೆ. ಒಂದು ಮಾತು ಹೇಳಿದ್ದರೆ ಅವಳ ತಲೆ ಅವಳಿಗೆ ವಾಪಸ್ ಸಿಗುತ್ತಿತ್ತು. ಮೂರು ವರ್ಷ ಆ ಮಾತನ್ನು ಬಾಯಲ್ಲಿಟ್ಟುಕೊಂಡು, ಅವಳ ಸೆರಗಿನ ಗಂಟುಗಳನ್ನು ನೋಡುತ್ತಾ, ಅವಳು ಬಡಿಸಿದ್ದನ್ನು ತಿಂದೆ.

ಈ ವರ್ಷ ಶಾಲೆ ಶುರುವಾದ ವಾರ, ಅವ್ವ ಅಡುಗೆ ಮಾಡುತ್ತಿದ್ದ ಶಾಲೆಯ ಹೆಡ್ ಮೇಡಂ ಮನೆಗೇ ಬಂದರು. ಹೊಸದಾಗಿ ಬಂದಿದ್ದ ಅಡುಗೆಯವಳು ಗಂಡನ ಊರಿಗೆ ಹೊರಟುಹೋಗಿದ್ದಳಂತೆ. ಮಕ್ಕಳು ಹಳೇ ಅಜ್ಜಿಯನ್ನೇ ಕೇಳುತ್ತಾರೆ, ಬನ್ನಿ ಅಂತ ಕರೆದರು. ಅವ್ವನ ಕಣ್ಣಿನಲ್ಲಿ ಆಸೆ ಬಂದದ್ದನ್ನು ನಾನು ನೋಡಿದೆ. ಅದು ಹೋದದ್ದನ್ನೂ ನೋಡಿದೆ.

"ಬ್ಯಾಡಿ ಕಣಮ್ಮ. ನಾನು ಹೇಳಿದ್ನ ಮರೆಯೋಳು. ಹೆತ್ತ ಮಗ್ಳಿಗೇ ವಿಷ ಇಕ್ಕಿವ್ನಿ. ಪರರ ಮಕ್ಳು, ನಂಗೆ ಭಯ ಆಯ್ತದೆ" ಅಂದಳು.

ಮೇಡಂ ಹೋದ ಮೇಲೆ ನಾನು ಟ್ರಂಕು ತೆಗೆದು ಆ ಚೀಟಿ ತಂದೆ. ಮಡಿಕೆಗಳಲ್ಲಿ ಹರಿದಿತ್ತು. ಅವಳ ಮುಂದೆ ಕೂತು ಮೂರು ಸಾಲನ್ನೂ ಓದಿದೆ. ಡಾಕ್ಟರು ಇದನ್ನು ಹೇಳಿದ್ದು ನನಗೆ, ನೀನು ಆಗ ಹೊರಗಿದ್ದೆ, ನಿನಗೆ ಯಾರೂ ಹೇಳಿರಲೇ ಇಲ್ಲ ಅಂದೆ. ಸಂತೆಯಲ್ಲಿ ಕೂತಾಗಲೂ ನನಗೆ ನೆನಪಿತ್ತು ಅಂದೆ.

"ಅಂಗಾರೆ ನಾನು ಮರ್ತಿದ್ದಲ್ವಾ?"

"ಅಲ್ಲವ್ವ."

"ನಂಗೆ ಹೇಳೇ ಇರ್ಲಿಲ್ವಾ?"

"ಇಲ್ಲವ್ವ."

ಅವ್ವ ನಕ್ಕಳು. ಬಳೆ ಏರಿದ ದಿನ ನಕ್ಕ ಹಾಗೆಯೇ ನಕ್ಕಳು. "ನನ್ ತಲೆ ನೆಟ್ಟಗೈತೆ! ಥೂ, ನೀನೊಳ್ಳೆ ಹೆಣ್ಣು!" ಅಂದು ನನ್ನ ತಲೆಗೊಂದು ಮೊಟಕಿದಳು. ಸೆರಗಿನಲ್ಲಿದ್ದ ಎರಡು ಗಂಟುಗಳನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಚಪ್ಪಲಿ ಕೂಡ ಮೆಟ್ಟದೆ, ನಾಳೆಯಿಂದಲೇ ಬರುತ್ತೇನೆ ಅಂತ ಮೇಡಂಗೆ ಹೇಳಲು ಓಡಿದಳು. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ಕಾದಿದ್ದ ನನಗೆ ಅಳು ಬಂತು. ಇಷ್ಟು ಸುಲಭವಿತ್ತೇ ಅಂತ ಅತ್ತೆ. ಎಲ್ಲ ಮುಗಿಯಿತು ಅಂದುಕೊಂಡೆ.

ಸಂಜೆ ಅವಳು ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಮಕ್ಕಳ ನೋಟ್ಸು ತಿದ್ದುತ್ತಿದ್ದೆ. ಅವಳ ಕೈ ನಿಂತಿತು.

"ನಿಂಗೆ ಗೊತ್ತಿತ್ತು" ಅಂದಳು.

"ಹೂಂ."

"ಗೊತ್ತಿದ್ದೂ ತಿಂದೆ. ನಲವತ್ತು ದಿನ, ನಾನಿಕ್ಕಿದ್ನ."

ನಾನು ಪೆನ್ನು ಕೆಳಗಿಟ್ಟೆ.

"ಯಾಕವ್ವ? ಸಾಯಾಕೇನು?"

ಇಲ್ಲ ಅನ್ನಬೇಕಿತ್ತು. ಕೆಲವು ದಿನ ಅವಳು ಪ್ರೀತಿಯಿಂದ ಮಾಡಿದ್ದಾಳೆ ಅಂತಲೇ ತಿಂದಿದ್ದೆ, ಅದು ನಿಜ. ಕೆಲವು ದಿನ ಬಳೆಗಾಗಿ ತಿಂದಿದ್ದೆ. ಇನ್ನು ಕೆಲವು ದಿನ, ವಾಂತಿ ಶುರುವಾದ ಮೇಲಿನ ಆ ದಿನಗಳಲ್ಲಿ, ಆಗುವುದು ಆಗಲಿ, ನಾನೇನೂ ಮಾಡದೆ ತಾನಾಗಿಯೇ ಮುಗಿದರೆ ಮುಗಿಯಲಿ ಅಂತ ಅನಿಸಿದ್ದೂ ನಿಜ. ಅದೇ ಆ ಮೂರನೆಯದು. ಅವಳ ಕೈಯಿಂದ ಆಗಲಿ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಆಗಿದ್ದರೆ ಅವಳ ಕೈಯಿಂದಲೇ ಆಗುತ್ತಿತ್ತು.

ತುಂಬಾ ಹೊತ್ತಾದ ಮೇಲೆ "ಇಲ್ಲವ್ವ" ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ಹುಣಸೆಬೀಜಗಳನ್ನು ಮೊರಕ್ಕೆ ತುಂಬಿಕೊಂಡು ಒಳಗೆ ಹೋದಳು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಅಣ್ಣನಿಗೂ ಹೇಳಲಿಲ್ಲ, ಅವನ ಲೆಕ್ಕದಲ್ಲಿ ಮರೆತವಳು ಇವತ್ತಿಗೂ ಅವ್ವನೇ. ನಾನು ಮತ್ತೆ ಡಾಕ್ಟರ ಹತ್ತಿರ ಹೋದಾಗ ಇದನ್ನೆಲ್ಲ ಅವರಿಗೆ ಹೇಳಿದೆ, ಅವ್ವ ಬಾಗಿಲ ಹೊರಗೆ ಕೂತಿದ್ದಳು.

ಈಗ ಅವಳು ಶಾಲೆಗೆ ಹೋಗುತ್ತಾಳೆ. ಸಾರಿಗೆ ಮೂರು ಹಿಡಿ, ಅನ್ನಕ್ಕೆ ಒಂದು ಹಿಡಿ, ಅನುಮಾನವಿಲ್ಲ. ಮೇಷ್ಟ್ರುಗಳು ಮತ್ತೆ ಮೊದಲು ಸಹಿ ಹಾಕಿ ಆಮೇಲೆ ಊಟಕ್ಕೆ ಬರುತ್ತಾರಂತೆ. ಬೀಗದ ಕೈ ಗೊಂಚಲು ಅವಳ ಸೊಂಟಕ್ಕೆ ವಾಪಸ್ ಹೋಗಿದೆ. ನನ್ನ ಮಾತ್ರೆಗಳೂ ಅಲ್ಲೇ, ಎಲೆಅಡಿಕೆ ಚೀಲದಲ್ಲಿವೆ. ಉಪ್ಪಿನ ಡಬ್ಬಿ ನನ್ನ ತಟ್ಟೆಯ ಪಕ್ಕ ಬರುವುದಿಲ್ಲ, ಅವಳೇ ಹಾಕಿ ಬಡಿಸುತ್ತಾಳೆ. ನಾನು ಕೊನೆಯ ತುತ್ತು ನುಂಗುವವರೆಗೆ ಎದುರಿಗೆ ಕೂತು ನೋಡುತ್ತಾಳೆ. ಎಣ್ಣೆ ತಿಕ್ಕುತ್ತಾಳೆ, ಮೊದಲಿನಷ್ಟು ಮಾತಿಲ್ಲ.

ಊಟವಾದ ಮೇಲೆ ಚೀಲ ಬಿಚ್ಚಿ ಮಾತ್ರೆ ತೆಗೆದು ನನ್ನ ಅಂಗೈಗೆ ಇಡುತ್ತಾಳೆ. ನಿನ್ನೆಯೂ ಇಟ್ಟಳು. ನೀರು ಕುಡಿದು ನುಂಗಿದೆ.

"ಬಾಯಿ ತೆಗಿ" ಅಂದಳು. ತೆಗೆದೆ.

"ನಾಲ್ಗೆ ಎತ್ತು" ಅಂದಳು.

ಎತ್ತಿದೆ.